ಬೋರ್ಡು ಇಳಿಸುವ ಲೆಕ್ಕ

ಈಚೆಗೆ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ನಮಗೆ ಎದುರಾಗುವ ಪ್ರಶ್ನೆ ಒಂದೇ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಚಿತ್ರಾನ್ನಕ್ಕೆ ಕೈಹಾಕುತ್ತಾ ಮೆಲ್ಲಗೆ ಕೇಳುತ್ತಾರೆ: “ಕಂಪನಿ ಮುಚ್ಚಿಬಿಟ್ಟಿರಂತೆ? ಹೋಗಲಿ ಬಿಡಿ, ಇಷ್ಟು ವರ್ಷ ಕೂಡಿಟ್ಟ ದುಡ್ಡಾದರೂ ಕೈಗೆ ಬಂತಲ್ಲ!” ನಾವು ನಕ್ಕು ಸುಮ್ಮನಾಗುತ್ತೇವೆ. ದುಡ್ಡು ಬಂದದ್ದು ನಿಜ. ಆದರೆ ಅದು ಯಾವ ಹೆಸರಿನಲ್ಲಿ ಬಂತು, ಯಾರ ಕೈಗೆ ಎಷ್ಟು ಉಳಿಯಿತು, ಅದರ ನಡುವೆ ನಲವತ್ತು ವರ್ಷದ ಸ್ನೇಹ ಒಮ್ಮೆ ಹೇಗೆ ತೂಗಾಡಿತು ಎಂಬುದನ್ನೆಲ್ಲ ಹಪ್ಪಳ ಮುಗಿಯುವುದರೊಳಗೆ ಹೇಳಲಾಗುವುದಿಲ್ಲ. ನಮ್ಮ ಸದಸ್ಯರಲ್ಲಿ ಸಣ್ಣ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಕಟ್ಟಿಕೊಂಡವರು ಅನೇಕರಿದ್ದಾರೆ. ಇಂದಲ್ಲ ನಾಳೆ ಅವರೂ ಈ ಬಾಗಿಲಿಗೆ ಬರಲೇಬೇಕು. ಅವರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತು.

ನಮ್ಮದೇನೂ ದೊಡ್ಡ ಕಂಪನಿಯಲ್ಲ. 1984ರಲ್ಲಿ ಬಾಲಾನಗರದ ಕೈಗಾರಿಕಾ ವಸಾಹತಿನಲ್ಲಿ ಒಂದು ಬಾಡಿಗೆ ಷೆಡ್ಡು, ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ, ಇಷ್ಟೇ. ಆಗ ಹೈದರಾಬಾದಿನ ಈ ಮಗ್ಗುಲಲ್ಲಿ ಎಲ್ಲಿ ನೋಡಿದರೂ ಯಂತ್ರದ ಸದ್ದೇ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ. ಇಲ್ಲಿಯೂ ಕಾರ್ಖಾನೆ ತೆರೆದಿತ್ತು. ಪ್ರಾಗಾ ಟೂಲ್ಸ್, ಆಲ್ವಿನ್, ರಾಮಚಂದ್ರಾಪುರದ ಬಿ.ಎಚ್.ಇ.ಎಲ್. ಹೀಗೆ ದೊಡ್ಡ ಮರಗಳಿದ್ದವು. ಅವುಗಳ ನೆರಳಿನಲ್ಲಿ ಬಿಡಿಭಾಗ ಮಾಡಿಕೊಡುವ ನಮ್ಮಂಥ ಗಿಡಗಳು ನೂರಾರು. ಸೇರಿದವರು ನಾಲ್ಕು ಮನೆಯವರು. ನಾವು ಕಲಬುರಗಿಯವರು. ಇನ್ನೊಬ್ಬರು ರಾಯಚೂರಿನವರು, ವಯಸ್ಸಿನಲ್ಲಿ ಹಿರಿಯರಾದ್ದರಿಂದ ಅವರನ್ನು ಅಣ್ಣ ಎಂದೂ ಅವರ ಮನೆಯವರನ್ನು ಅತ್ತಿಗೆ ಎಂದೂ ಕರೆಯುವುದು ನಮಗೆ ಮೊದಲಿನಿಂದ ರೂಢಿ. ಮೂರನೆಯವರು ಧಾರವಾಡದ ಇಂಜಿನಿಯರು. ನಾಲ್ಕನೆಯವರು ಮಂಡ್ಯದ ಕಡೆಯವರು. 1999ರಲ್ಲಿ ಊರಿಗೆ ಮರಳುವಾಗ ತಮ್ಮ ಷೇರುಗಳನ್ನು ಉಡುಪಿಯ ಗೆಳೆಯರೊಬ್ಬರಿಗೆ 3 ಲಕ್ಷಕ್ಕೆ ಮಾರಿ ಹೋದರು. ಒಬ್ಬೊಬ್ಬರದು 100 ರೂಪಾಯಿಯ 1,000 ಷೇರು, ಅಂದರೆ ತಲಾ 1 ಲಕ್ಷ. ಒಟ್ಟು ಬಂಡವಾಳ 4 ಲಕ್ಷ.

ಕಂಪನಿ ಏಕೆ, ಪಾಲುದಾರಿಕೆ ಸಾಲದೇ ಎಂದು ಆಗಲೇ ಕೇಳಿದವರುಂಟು. ದೊಡ್ಡ ಕಾರ್ಖಾನೆಗಳಲ್ಲಿ ‘ಲಿಮಿಟೆಡ್’ ಎಂಬ ಬಾಲವಿದ್ದರೆ ಮರ್ಯಾದೆ ಹೆಚ್ಚು ಎಂಬುದು ಒಂದು ಕಾರಣ. ವ್ಯಾಪಾರ ಮುಳುಗಿದರೆ ಸಾಲಗಾರರು ಮನೆಯ ಪಾತ್ರೆ ಪಗಡಕ್ಕೆ ಕೈಹಾಕಲಾರರು ಎಂಬುದು ನಿಜವಾದ ಕಾರಣ. ಕಂಪನಿ ಎಂದರೆ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ. ಅದರ ಸಾಲ ಅದಕ್ಕೆ, ಅದರ ಆಸ್ತಿಯೂ ಅದಕ್ಕೆ. ಮೊದಲ ಅರ್ಧ ನಮಗೆ ಬಾಯಿಪಾಠವಾಗಿತ್ತು. ಎರಡನೆಯ ಅರ್ಧದ ಅರ್ಥ ಗೊತ್ತಾಗಲು ನಲವತ್ತು ವರ್ಷ ಬೇಕಾಯಿತು.

ಆ ವರ್ಷಗಳಲ್ಲಿ ನಾವು ಡಿವಿಡೆಂಡ್ ಎಂದು ಹಂಚಿಕೊಂಡದ್ದು ಬಹಳ ಕಡಮೆ. ಲಾಭ ಬಂದ ವರ್ಷ ಹೊಸ ಯಂತ್ರ, ಬಾರದ ವರ್ಷ ಹಳೆಯ ಲಾಭದಲ್ಲಿ ಸಂಬಳ. ಪ್ರತಿ ವರ್ಷದ ಅಢಾವೆ ಪತ್ರಿಕೆಯಲ್ಲಿ ‘ಸಂಚಿತ ಲಾಭ’ ಎಂಬ ಸಾಲು ಬೆಳೆಯುತ್ತಾ ಹೋಯಿತು. ಅದನ್ನು ಓದಿ ನಾವು, ನಮ್ಮ ದುಡ್ಡು ಕ್ಷೇಮವಾಗಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ಅದು ನಮ್ಮ ದುಡ್ಡಲ್ಲ, ಕಂಪನಿಯ ದುಡ್ಡು. ಮೇಲಾಗಿ ಅದು ದುಡ್ಡೂ ಅಲ್ಲ. ಲೇತಿನಲ್ಲಿ, ಉಕ್ಕಿನ ಸರಳಿನಲ್ಲಿ, ಬಾರದ ಬಿಲ್ಲುಗಳಲ್ಲಿ ಅಡಗಿ ಕುಳಿತ ಅಂಕಿ.

2018ರಲ್ಲಿ ಅಣ್ಣ ತೀರಿಕೊಂಡರು. ಅವರ ಷೇರು ಅತ್ತಿಗೆಯ ಹೆಸರಿಗೆ ಬಂತು, ನಿರ್ದೇಶಕರ ಕುರ್ಚಿಯೂ ಬಂತು. 2024ರ ಹೊತ್ತಿಗೆ ಉಳಿದ ಮೂವರಿಗೂ ಎಪ್ಪತ್ತು ದಾಟಿತ್ತು. ಮಕ್ಕಳು ಯಾರೂ ಎಣ್ಣೆಯ ವಾಸನೆಯ ಷೆಡ್ಡಿಗೆ ಬರುವವರಲ್ಲ. ಯಾರ ಸಾಲವೂ ಇಲ್ಲದಿರುವಾಗಲೇ ಮರ್ಯಾದೆಯಿಂದ ಬಾಗಿಲು ಹಾಕೋಣ ಎಂದು ನಾಲ್ಕೂ ಮನೆಯವರು ಒಪ್ಪಿದೆವು. ಒಪ್ಪಿದ್ದು ಅಲ್ಲಿಯವರೆಗೆ ಮಾತ್ರ.

ಮೊದಲು ಕೆಲಸಗಾರರ ಲೆಕ್ಕ. ಕೊನೆಯವರೆಗೆ ಉಳಿದಿದ್ದವರು ಹನ್ನೊಂದು ಮಂದಿ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯಂತೆ, ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಸೇವೆಗೆ ಸಲ್ಲುವ ಮೊತ್ತ. 28 ವರ್ಷ ದುಡಿದ ನಮ್ಮ ಫಿಟ್ಟರಿನ ಸಂಬಳ 20,800. ವರ್ಷಕ್ಕೆ 12,000ದಂತೆ ಅವನಿಗೆ 3,36,000 ರೂಪಾಯಿ. ಇದರಲ್ಲಿ ನಮ್ಮ ದೊಡ್ಡತನವೇನೂ ಇಲ್ಲ. ಷೇರುದಾರ ಪಂಕ್ತಿಯಲ್ಲಿ ಕೊನೆಯವನು; ಕೆಲಸಗಾರ, ಬ್ಯಾಂಕು, ಸರಕಾರ, ಮಾಲು ಕೊಟ್ಟವರು ಎಲ್ಲರ ಎಲೆಗೂ ಬಡಿಸಿದ ಮೇಲೆ ಪಾತ್ರೆಯಲ್ಲಿ ಏನುಳಿದರೆ ಅದು ಅವನದು. ಯಂತ್ರಗಳನ್ನು ಮಾರಿ, ಬರಬೇಕಾದ್ದನ್ನು ವಸೂಲು ಮಾಡಿ, ಕಂಪನಿಯ ಪಾಲಿನ ತೆರಿಗೆಯನ್ನೂ ಮುಂದೆ ಬರುವ ಖರ್ಚನ್ನೂ ಕಳೆದ ಮೇಲೆ ನಮ್ಮ ಪಾತ್ರೆಯಲ್ಲಿ ಉಳಿದದ್ದು 44 ಲಕ್ಷ.

ನಾಲ್ಕರಿಂದ ಭಾಗಿಸಿದರೆ ತಲಾ 11 ಲಕ್ಷ. “ಇದಕ್ಯಾಕ್ರೀ ಇಷ್ಟು ತಲಿ ಕೆಡಿಸ್ಕೊಳ್ಳೋದು? ಕಂಪನಿ ಆಗಲೇ ತೆರಿಗಿ ಕಟ್ಟೇತಿ. ಚೆಕ್ ಬರದು ಹಂಚಿಕೊಳ್ಳೋಣು,” ಎಂದರು ಧಾರವಾಡದವರು. ನಮಗೂ ಹಾಗೆಯೇ ಅನ್ನಿಸಿತ್ತು. ಆಡಿಟರು ತಲೆಯಾಡಿಸಿ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದರು. ಒಂದು ಕಡೆ 4 ಲಕ್ಷ, ಇನ್ನೊಂದು ಕಡೆ 40 ಲಕ್ಷ.

ಆ ಗೆರೆಯೇ ಈ ಲೇಖನದ ತಿರುಳು. 1961ರ ಆದಾಯ ತೆರಿಗೆ ಕಾಯ್ದೆಯ 2(22)(ಸಿ) ಕಲಮಿನ ಪ್ರಕಾರ, ಕಂಪನಿಯನ್ನು ಸಮಾಪನೆ ಮಾಡಿ ಷೇರುದಾರರಿಗೆ ಹಣ ಹಂಚಿದಾಗ, ಅದರಲ್ಲಿ ಸಂಚಿತ ಲಾಭ ಎಷ್ಟಿದೆಯೋ ಅಷ್ಟು ಭಾಗ ಡಿವಿಡೆಂಡ್ ಎಂದೇ ಲೆಕ್ಕ. ಅದಕ್ಕೆ ಮೀರಿ ಬಂದದ್ದು ಷೇರಿನ ಬೆಲೆ. ಆ ಬೆಲೆ ನೀವು ಷೇರಿಗೆ ಕೊಟ್ಟದ್ದಕ್ಕಿಂತ ಹೆಚ್ಚಾದರೆ, 46ನೆಯ ಕಲಮಿನಂತೆ ಆ ಹೆಚ್ಚಳ ಬಂಡವಾಳ ಗಳಿಕೆ. ನಮ್ಮ 11 ಲಕ್ಷದಲ್ಲಿ 10 ಲಕ್ಷ ಡಿವಿಡೆಂಡ್, 1 ಲಕ್ಷ ನಾವು 1984ರಲ್ಲಿ ಹಾಕಿದ್ದು ಮರಳಿ ಬಂದದ್ದು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆಯಾಗಿದೆ. ಕಲಮುಗಳ ಸಂಖ್ಯೆ ಬದಲಾದರೂ ಈ ಗೆರೆ ಬದಲಾಗಿಲ್ಲ.

ಇದು ಎಲ್ಲಿಂದ ಬಂತೆಂಬುದೂ ಸ್ವಾರಸ್ಯದ ಸಂಗತಿ. 1924ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಬರೆಲ್ ಎಂಬುವರ ಮೊಕದ್ದಮೆಯಲ್ಲಿ, ಸಮಾಪನೆ ಶುರುವಾದ ಮೇಲೆ ಲಾಭ ಬೇರೆ ಬಂಡವಾಳ ಬೇರೆ ಎಂಬುದಿಲ್ಲ, ಎಲ್ಲವೂ ಒಂದೇ ರಾಶಿ, ಅದನ್ನು ಹಂಚಿದರೆ ಆದಾಯವಲ್ಲ ಎಂದು ತೀರ್ಪು ಕೊಟ್ಟಿತು. ಹಾಗಾದರೆ ವರ್ಷಗಟ್ಟಲೆ ಲಾಭವನ್ನು ಹಂಚದೆ ಕೂಡಿಟ್ಟು ಕೊನೆಗೆ ಕಂಪನಿ ಮುಚ್ಚಿದರೆ ತೆರಿಗೆ ತಪ್ಪುತ್ತದಲ್ಲ! ಈ ಕಿಂಡಿಯನ್ನು ಮುಚ್ಚಲು ನಮ್ಮ ದೇಶದಲ್ಲಿ 1922ರ ಕಾಯ್ದೆಗೆ 1939ರಲ್ಲಿ ತಿದ್ದುಪಡಿ ಬಂತು. ಆಗ ಸಮಾಪನೆಗೆ ಹಿಂದಿನ ಆರು ವರ್ಷದ ಲಾಭ ಮಾತ್ರ ಡಿವಿಡೆಂಡ್ ಆಗುತ್ತಿತ್ತು. 1950ರ ದಶಕದ ನಡುವೆ ಆ ಮಿತಿಯೂ ಹೋಯಿತು. 1961ರ ಕಾಯ್ದೆ ಅದನ್ನೇ ಮುಂದುವರಿಸಿತು. ಹೀಗೆ 1984ರಲ್ಲಿ ನಾವು ಬೋರ್ಡು ಏರಿಸಿದ ದಿನವೇ, ಅದನ್ನು ಇಳಿಸುವ ದಿನದ ಲೆಕ್ಕ ಬರೆದಾಗಿತ್ತು. ನಾವು ಓದಿರಲಿಲ್ಲ, ಅಷ್ಟೆ.

ಅತ್ತಿಗೆಯ ಮಗ ಇರುವುದು ಲಂಡನ್ನಿನಲ್ಲಿ. ಅವನೂ ಒಬ್ಬನೇ ಷೇರುದಾರನಾಗಿ ಒಂದು ಪುಟ್ಟ ಕಂಪನಿ ಇಟ್ಟುಕೊಂಡಿದ್ದವನು, ನೌಕರಿ ಸಿಕ್ಕಿತೆಂದು ಅದನ್ನು ಮುಚ್ಚಿದ್ದ. “ಅಮ್ಮಾ, ನಾನು ಕಟ್ಟಿದ್ದು ಬಂಡವಾಳ ಗಳಿಕೆಯ ತೆರಿಗೆ. ನಿಮಗೆ ಯಾಕೆ ಡಿವಿಡೆಂಡ್ ಅಂತಾರೆ?” ಎಂದು ಫೋನಿನಲ್ಲಿ ಕೇಳಿದ. ಅವನ ಮಾತೂ ಸರಿ. ಬ್ರಿಟನ್ನಿನಲ್ಲಿ ಇಂದಿಗೂ ಸಮಾಪನೆಯಲ್ಲಿ ಬಂದ ಹಣ ಸಾಮಾನ್ಯವಾಗಿ ಬಂಡವಾಳವೇ. ಸಮಾಪನೆ ಇಲ್ಲದೆ ಬರೀ ಹೆಸರು ತೆಗೆಸಿ ಮುಚ್ಚಿದರೆ, 2012ರ ಮಾರ್ಚಿಯಿಂದ ಒಟ್ಟು 25,000 ಪೌಂಡಿನವರೆಗೆ ಮಾತ್ರ ಆ ಸವಲತ್ತು. ಮೀರಿದರೆ ಹಂಚಿದ್ದೆಲ್ಲ ಆದಾಯದ ಲೆಕ್ಕಕ್ಕೆ. ಇಂದು ಮುಚ್ಚಿ ನಾಳೆ ಅದೇ ವ್ಯಾಪಾರಕ್ಕೆ ಬೇರೆ ಬೋರ್ಡು ಹಾಕುವವರನ್ನು ಹಿಡಿಯಲು 2016ರಲ್ಲಿ ಎರಡು ವರ್ಷದ ನಿರ್ಬಂಧವೂ ಬಂದಿದೆ. ಮಕ್ಕಳು ಹೊರದೇಶದಲ್ಲಿರುವ ನಮ್ಮ ಸದಸ್ಯರು ಇದನ್ನು ನೆನಪಿಡಬೇಕು. ಅಲ್ಲಿಯ ಬುದ್ಧಿವಾದ ಇಲ್ಲಿಗೆ ನಡೆಯದು, ಇಲ್ಲಿಯದು ಅಲ್ಲಿಗೆ ನಡೆಯದು.

ಇನ್ನು ತೆರಿಗೆ ಎಷ್ಟು ಎಂಬ ಮಾತು. ಇಲ್ಲಿಯೇ ನಾಲ್ಕು ಮನೆಗಳ ದಾರಿ ಕವಲೊಡೆಯಿತು. 1997ರ ಜೂನ್‌ನಿಂದ 2020ರ ಮಾರ್ಚಿ 31ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಡಿವಿಡೆಂಡಿನ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದು, ಹಂಚಿದ ಹಣದ ಮೇಲೆ, ಎಲ್ಲ ಸೇರಿ 20.56 ಪ್ರತಿಶತ. ಪಡೆದವನು ಬಡವನೋ ಬಲ್ಲಿದನೋ ಎಂದು ನೋಡುತ್ತಿರಲಿಲ್ಲ. 2020ರ ಏಪ್ರಿಲ್‌ನಿಂದ ಅದು ಹೋಗಿ, ಡಿವಿಡೆಂಡು ಪಡೆದವನ ಆದಾಯಕ್ಕೆ ಸೇರಿ, ಅವನವನ ದರದಂತೆ ತೆರಿಗೆ ಎಂದಾಯಿತು. 2020ರ ಫೆಬ್ರವರಿಯ ಬಜೆಟ್ಟಿನಲ್ಲಿ ಇದು ಪ್ರಕಟವಾದಾಗಲೇ ಧಾರವಾಡದವರು, ಮಾರ್ಚಿಯೊಳಗೆ ಇದ್ದ ಲಾಭವನ್ನೆಲ್ಲ ಹಂಚಿಬಿಡೋಣ ಎಂದಿದ್ದರು. ಹಂಚಲು ಹಣವೆಲ್ಲಿತ್ತು? ಲಾಭ ಪುಸ್ತಕದಲ್ಲಿತ್ತು, ಬ್ಯಾಂಕಿನಲ್ಲಿರಲಿಲ್ಲ.

ನಾವು ಹಂಚಿದ್ದು 2025-26ರ ವರ್ಷದಲ್ಲಿ. ಆ ವರ್ಷದ ಹೊಸ ಪದ್ಧತಿಯಲ್ಲಿ, ಸಾಮಾನ್ಯ ದರದ ಒಟ್ಟು ಆದಾಯ 12 ಲಕ್ಷ ಮೀರದವರಿಗೆ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ಈಗ ಮನೆ ಮನೆಯ ಲೆಕ್ಕ ನೋಡಿ.

ಅತ್ತಿಗೆಗೆ ಬ್ಯಾಂಕಿನ ಬಡ್ಡಿ ಒಂದೂವರೆ ಲಕ್ಷ ಬಿಟ್ಟರೆ ಬೇರೆ ವರಮಾನವಿಲ್ಲ. ಡಿವಿಡೆಂಡ್ 10 ಲಕ್ಷ ಸೇರಿ ಹನ್ನೊಂದೂವರೆ. ತೆರಿಗೆ ಸೊನ್ನೆ. ಡಿವಿಡೆಂಡ್ ಕೊಡುವಾಗ 10 ಪ್ರತಿಶತ ಮೂಲದಲ್ಲೇ ಕಡಿತವಾಗಬೇಕು; ಆದರೆ ಅರವತ್ತು ದಾಟಿದವರು, ತೆರಿಗೆ ಬೀಳದೆಂದಾದರೆ 15ಎಚ್ ಅರ್ಜಿ ಕೊಡಬಹುದು. ಅವರು ಕೊಟ್ಟರು. ಪೂರ್ತಿ 11 ಲಕ್ಷ ಕೈಗೆ ಬಂತು.

ನಮ್ಮ ಮನೆಯ ಷೇರು ಒಬ್ಬರ ಹೆಸರಿನಲ್ಲೇ ಇತ್ತು. ಬಾಡಿಗೆ, ಬಡ್ಡಿ ಸೇರಿ 5 ಲಕ್ಷದ ಆದಾಯ ಮೊದಲೇ ಇತ್ತು. ಹತ್ತು ಸೇರಿ 15 ಲಕ್ಷವಾಯಿತು. ತೆರಿಗೆ 1,05,000, ಅದರ ಮೇಲೆ ಸೆಸ್ ಸೇರಿ 1,09,200. ಲಕ್ಷ ರೂಪಾಯಿ ಮೂಲದಲ್ಲೇ ಹೋಯಿತು, ಉಳಿದದ್ದು ಆಮೇಲೆ ಕಟ್ಟುವುದು.

ಧಾರವಾಡದವರು ಈಗಲೂ ಸಲಹೆಗಾರರಾಗಿ ವರ್ಷಕ್ಕೆ 30 ಲಕ್ಷ ದುಡಿಯುವವರು. ಅವರ ಹತ್ತು ಲಕ್ಷದ ಮೇಲೆ ಬಿದ್ದದ್ದು 31.2 ಪ್ರತಿಶತ, ಅಂದರೆ 3,12,000. ಅವರ ಕಂಪನಿ ಗಳಿಸಿದ 100 ರೂಪಾಯಿಯ ಕಥೆ ಹೀಗೆ: 2019ರ ರಿಯಾಯಿತಿ ದರ ಆರಿಸಿಕೊಂಡ ಕಂಪನಿ ಮೊದಲು 25 ರೂಪಾಯಿ 17 ಪೈಸೆ ಕಟ್ಟುತ್ತದೆ. ಉಳಿದ 74.83ರ ಮೇಲೆ ಅವರು ಮತ್ತೆ ಕಟ್ಟಿದರೆ ಕೈಗೆ ಬರುವುದು ಸುಮಾರು 51 ರೂಪಾಯಿ 48 ಪೈಸೆ. ಇದೇ ಪಾಲುದಾರಿಕೆಯ ವ್ಯಾಪಾರವಾಗಿದ್ದರೆ ಸಂಸ್ಥೆ 31 ರೂಪಾಯಿ 20 ಪೈಸೆ ಕಟ್ಟಿದ ಮೇಲೆ ಪಾಲುದಾರನ ಲಾಭದ ಪಾಲಿಗೆ ಮತ್ತೆ ತೆರಿಗೆಯಿಲ್ಲ. 68 ರೂಪಾಯಿ 80 ಪೈಸೆ ಉಳಿಯುತ್ತಿತ್ತು. ಅತ್ತಿಗೆಗಾದರೋ ಕಂಪನಿಯೇ ಲೇಸು, 74.83 ಪೂರ್ತಿ ಅವರದೇ. ಯಾವ ಬೋರ್ಡು ಒಳ್ಳೆಯದು ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ.

ಉಡುಪಿಯವರ ಕಥೆ ಎಲ್ಲಕ್ಕಿಂತ ವಿಚಿತ್ರ. ಅವರ ಇತರ ಆದಾಯ ನಮ್ಮಷ್ಟೇ, ತೆರಿಗೆಯೂ ಅಷ್ಟೇ. ಆದರೆ ಅವರು 1999ರಲ್ಲಿ ಷೇರಿಗೆ ಕೊಟ್ಟದ್ದು 1 ಲಕ್ಷವಲ್ಲ, 3 ಲಕ್ಷ. ಅಂದರೆ ಕಂಪನಿಯಲ್ಲಿ ಆಗಲೇ ಕೂಡಿದ್ದ ಲಾಭಕ್ಕೂ ಸೇರಿಸಿ ಬೆಲೆ ಕೊಟ್ಟಿದ್ದರು. ಈಗ ಆ ಲಾಭವೇ ಅವರ ಆದಾಯವೆಂದು ತೆರಿಗೆ. ಷೇರಿನ ಬೆಲೆಯೆಂದು ಬಂದ 1 ಲಕ್ಷಕ್ಕೆ ಎದುರಾಗಿ ಅವರು ಕೊಟ್ಟ 3 ಲಕ್ಷ ಇಟ್ಟರೆ 2 ಲಕ್ಷ ಬಂಡವಾಳ ನಷ್ಟ. ಅದನ್ನು ಡಿವಿಡೆಂಡಿನಲ್ಲಿ ಕಳೆಯುವಂತಿಲ್ಲ. ಮುಂದಿನ ಎಂಟು ವರ್ಷದೊಳಗೆ ಬೇರೆ ಯಾವುದಾದರೂ ಆಸ್ತಿ ಮಾರಿ ದೀರ್ಘಾವಧಿಯ ಗಳಿಕೆ ಬಂದರೆ ಮಾತ್ರ ವಜಾ. “ಹಾಗಾದ್ರೆ ನಾನೇ ಕೊಟ್ಟ ದುಡ್ಡಿಗೆ ನಾನೇ ತೆರಿಗೆ ಕಟ್ಟೂದಾ ಮಾರಾಯ್ರೆ?” ಎಂದು ಅವರು ಕೇಳಿದಾಗ ಆಡಿಟರು ಕನ್ನಡಕ ತೆಗೆದು ಒರೆಸಿಕೊಂಡರು.

ಹೀಗೆ ಒಂದೇ ಎಲೆಯಲ್ಲಿ ಉಂಡವರ ನಡುವೆ ಮೊದಲ ಬಾರಿ ನಾಲ್ಕು ಬೇರೆ ಬೇರೆ ಲಾಭ-ನಷ್ಟ ಬಂದು ಕುಳಿತಿತು. ಅದೇ ಸಮಯಕ್ಕೆ ಒಬ್ಬ ಸಲಹೆಗಾರರು ದೊರೆತರು. ಅವರ ಉಪಾಯ ಬಹಳ ಸರಳ. ಯಂತ್ರಗಳನ್ನು ಪುಸ್ತಕದಲ್ಲಿ ಕಡಮೆಗೆ ಮಾರಿದಂತೆ ತೋರಿಸಿ ಉಳಿದದ್ದನ್ನು ನಗದಾಗಿ ತೆಗೆದುಕೊಳ್ಳುವುದು. ಬ್ಯಾಂಕಿನಲ್ಲಿದ್ದದ್ದನ್ನು ಯಾವುದೋ ದುರಸ್ತಿಯ ಬಿಲ್ಲುಗಳಿಗೆ ಬರೆಯುವುದು. ಪುಸ್ತಕ ಖಾಲಿಯಾದ ಮೇಲೆ, ಕಂಪನಿಯಲ್ಲಿ ಏನೂ ಇಲ್ಲವೆಂದು ರಿಜಿಸ್ಟ್ರಾರರಿಗೆ ಅರ್ಜಿ ಹಾಕಿ ಹೆಸರು ತೆಗೆಸುವುದು. 2013ರ ಕಂಪನಿ ಕಾಯ್ದೆಯ 248ನೆಯ ಕಲಮಿನಡಿ ಆ ದಾರಿಗೆ ಅರ್ಜಿ ಶುಲ್ಕ 10,000 ರೂಪಾಯಿ. 2023ರ ಮೇ ತಿಂಗಳಿಂದ ಇಂಥ ಅರ್ಜಿಗಳನ್ನು ಒಂದೇ ಕೇಂದ್ರದಲ್ಲಿ ವಿಲೇವಾರಿ ಮಾಡುವ ಏರ್ಪಾಡೂ ಆಗಿದೆ. “ಎಲ್ಲರೂ ಹೀಗೆ ಮಾಡುವುದು” ಎಂದರು ಅವರು. ನಗದು ಬೇಡವಾದರೆ ಸಾಲವೆಂದು ತೆಗೆದುಕೊಳ್ಳಿ ಎಂಬುದು ಅವರ ಎರಡನೆಯ ಉಪಾಯ. ಸಂಚಿತ ಲಾಭವಿರುವ ಖಾಸಗಿ ಕಂಪನಿ ತನ್ನ ದೊಡ್ಡ ಷೇರುದಾರನಿಗೆ ಸಾಲ ಕೊಟ್ಟರೆ ಅದನ್ನೂ ಡಿವಿಡೆಂಡ್ ಎಂದೇ ಹಿಡಿಯುತ್ತಾರೆಂಬುದು ಅವರಿಗೆ ತಿಳಿಯದ್ದೇನಲ್ಲ.

ನಿಜ ಹೇಳಬೇಕೆಂದರೆ ನಮ್ಮ ಮನಸ್ಸೂ ಒಂದು ವಾರ ಓಲಾಡಿತು. ಲಕ್ಷ ರೂಪಾಯಿ ಎಂದರೆ ನಮಗೆ ಸಣ್ಣ ಮೊತ್ತವಲ್ಲ. ಧಾರವಾಡದವರಿಗೆ ಅದು ಮೂರರಷ್ಟು. ಅವರು ಅರೆಮನಸ್ಸಿನಿಂದ ಒಪ್ಪಿಯೂ ಬಿಟ್ಟಿದ್ದರು. ಆ ಭಾನುವಾರ ಕಾಚಿಗುಡದ ಅತ್ತಿಗೆಯ ಮನೆಯಲ್ಲಿ ಸೇರಿದೆವು. ಹೆಸರು ತೆಗೆಸುವ ಅರ್ಜಿಯ ಜೊತೆಗೆ ಪ್ರತಿಯೊಬ್ಬ ನಿರ್ದೇಶಕರೂ ಕಂಪನಿಗೆ ಯಾವ ಬಾಧ್ಯತೆಯೂ ಇಲ್ಲವೆಂದು ಪ್ರಮಾಣಪತ್ರ ಕೊಡಬೇಕು, ಮುಂದೆ ಏನಾದರೂ ಬಂದರೆ ತಾನು ಹೊಣೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಆ ಕಾಗದಗಳ ಮಾದರಿಯನ್ನು ಅತ್ತಿಗೆ ಎರಡು ಸಲ ಓದಿದರು. ಆಮೇಲೆ ಒಳಗೆ ಹೋಗಿ ಅಣ್ಣ ತಮ್ಮ ಕೈಯಾರೆ ಬರೆದಿದ್ದ ಹಳೆಯ ಕಿರ್ದಿ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟರು.

“ಅವರು ಇರೋತನಕ ಇದರಾಗ ಒಂದು ರೂಪಾಯಿ ಆಚೀಚಿ ಆಗಿಲ್ಲ. ಈಗ ಅವರ ಕುರ್ಚಿಮ್ಯಾಲ ಕುಂತು ನಾ ಸುಳ್ಳಿಗೆ ಸಹಿ ಹಾಕ್ಲೇನು? ನನಗ ಬರೋದ್ರಾಗ ಕಡಿಮಿ ಆದ್ರೂ ಆಗವಲ್ದಾಕ, ನಾ ಹಾಕಂಗಿಲ್ಲ.”

ಆಗ ಅವರಿಗೆ ತಮ್ಮ ತೆರಿಗೆ ಸೊನ್ನೆಯೆಂಬುದು ಗೊತ್ತಿರಲಿಲ್ಲ. ಆಡಿಟರು ಮನೆ ಮನೆಯ ಲೆಕ್ಕ ಮಾಡಿಕೊಟ್ಟದ್ದು ಆಮೇಲೆ. ಇದನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ.

ಕಾನೂನಿನ ಕಡೆಯಿಂದಲೂ ಅವರ ಮಾತೇ ಸರಿ. ಹೆಸರು ತೆಗೆಸುವ ದಾರಿ ಖಾಲಿ ಮನೆಗೆ ಸರಿಯೇ ಹೊರತು ಸಾಮಾನು ತುಂಬಿದ ಮನೆಗಲ್ಲ. ಮೋಸದಿಂದ ಹೆಸರು ತೆಗೆಸಿದ ನಿರ್ದೇಶಕರಿಗೆ ಶಿಕ್ಷೆಯುಂಟು. ಹೆಸರು ಹೋದ ಮೇಲೂ 20 ವರ್ಷದೊಳಗೆ ನ್ಯಾಯಮಂಡಳಿ ಕಂಪನಿಯನ್ನು ಮತ್ತೆ ಎಬ್ಬಿಸಬಹುದು. ಖಾಸಗಿ ಕಂಪನಿಯಿಂದ ತೆರಿಗೆ ವಸೂಲಾಗದಿದ್ದರೆ, ತಮ್ಮ ತಪ್ಪಿಲ್ಲವೆಂದು ಸ್ಥಾಪಿಸದ ನಿರ್ದೇಶಕರಿಂದ ವಸೂಲು ಮಾಡಲು ಆದಾಯ ತೆರಿಗೆ ಕಾಯ್ದೆಯಲ್ಲೇ ಅವಕಾಶವಿದೆ. ಪಾತ್ರೆ ಪಗಡ ಉಳಿಸಿಕೊಳ್ಳಲು ಏರಿಸಿದ ಬೋರ್ಡು, ಸುಳ್ಳು ಹೇಳಿದ ದಿನ ನಮ್ಮನ್ನು ಕಾಯುವುದಿಲ್ಲ. ಧಾರವಾಡದವರು ಬಹಳ ಹೊತ್ತು ಸುಮ್ಮನಿದ್ದು, “ಆತ್ರೀ ವೈನಿ, ನೀವು ಹೇಳಿದಂಗ ಆಗ್ಲಿ,” ಎಂದರು. ಅವರಿಗೆ ಆ ಮಾತಿನ ಬೆಲೆ 3,12,000 ರೂಪಾಯಿ. ಅದನ್ನು ಅವರು ಇಂದಿನವರೆಗೂ ಎತ್ತಿ ಆಡಿಲ್ಲ.

ಆಮೇಲಿನದು ನೇರ ದಾರಿ. 2016ರ ದಿವಾಳಿ ಸಂಹಿತೆಯ 59ನೆಯ ಕಲಮು 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ‘ದಿವಾಳಿ’ ಎಂಬ ಹೆಸರು ಕೇಳಿ ಅತ್ತಿಗೆ ಬೆಚ್ಚಿದ್ದರು. ವಾಸ್ತವವಾಗಿ ಇದು ಸಾಲ ತೀರಿಸಬಲ್ಲ ಕಂಪನಿ ತಾನಾಗಿ ಮುಚ್ಚಿಕೊಳ್ಳುವ ಕ್ರಮ. ಎಲ್ಲ ಸಾಲ ತೀರಿಸಬಲ್ಲೆವೆಂದು ನಿರ್ದೇಶಕರು ಪ್ರಮಾಣ ಮಾಡಬೇಕು. ನಾಲ್ಕು ವಾರದೊಳಗೆ ಷೇರುದಾರರು ವಿಶೇಷ ನಿರ್ಣಯ ಮಾಡಿ, ಪರವಾನಗಿ ಪಡೆದ ಒಬ್ಬ ಲಿಕ್ವಿಡೇಟರನ್ನು ನೇಮಿಸಬೇಕು. ಅವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಬಾಕಿ ಇದ್ದವರು 30 ದಿನದೊಳಗೆ ಬರಲಿ ಎಂದು ಕರೆಯುತ್ತಾರೆ. ನಾವು 2025ರ ಮೇ ತಿಂಗಳಲ್ಲಿ ನಿರ್ಣಯ ಮಾಡಿದೆವು. ಡಿಸೆಂಬರಿನಲ್ಲಿ ಹಣ ಹಂಚಿಕೆಯಾಯಿತು. ಆಮೇಲೆ ಕೊನೆಯ ವರದಿ ಕಂಪನಿ ನ್ಯಾಯಮಂಡಳಿಗೆ ಹೋಗುತ್ತದೆ. ಅದು ವಿಸರ್ಜನೆಯ ಆಜ್ಞೆ ಮಾಡಿದಾಗ ಕಂಪನಿಯ ಆಯುಸ್ಸು ಮುಗಿಯಿತು. ನಾಗೋಲಿನ ಆಚೆ ಬಂಡ್ಲಗೂಡದ ಕಾರ್ಪೊರೇಟ್ ಭವನಕ್ಕೆ ಹೋಗಿಬರುವ ಹೊಣೆ ಲಿಕ್ವಿಡೇಟರದು. ಅವರ ಶುಲ್ಕ ಹತ್ತು ಸಾವಿರದಲ್ಲಿ ಮುಗಿಯುವಂಥದ್ದಲ್ಲ ಎಂಬುದನ್ನೂ ಹೇಳಿಬಿಡಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಚಿತ ಲಾಭವನ್ನು ಎಣಿಸುವುದು ಸಮಾಪನೆ ಶುರುವಾದ ದಿನದವರೆಗೆ ಮಾತ್ರ. ನಾವು ಯಂತ್ರಗಳನ್ನು ಅದಕ್ಕೆ ಮೊದಲೇ ಮಾರಿದ್ದರಿಂದ ಆ ಲಾಭವೂ ಡಿವಿಡೆಂಡಿನ ಕಡೆಗೆ ಬಿತ್ತು. ಆಮೇಲೆ ಮಾರಿದ್ದರೆ ಕಂಪನಿಯ ತೆರಿಗೆ ಹೋಗಿ ಉಳಿದದ್ದು ಷೇರಿನ ಬೆಲೆಯ ಕಡೆಗೆ ಹೋಗುತ್ತಿತ್ತು. 2024ರ ಜುಲೈ 23ರಿಂದ ಇಂಥ ಷೇರಿನ ದೀರ್ಘಾವಧಿ ಗಳಿಕೆಗೆ ದರ ಹನ್ನೆರಡೂವರೆ ಪ್ರತಿಶತ. ಅದು ಧಾರವಾಡದವರಿಗೆ ಅನುಕೂಲವಾಗುತ್ತಿತ್ತು. 12 ಲಕ್ಷದ ರಿಯಾಯಿತಿ ಆ ಗಳಿಕೆಗೆ ಸಿಗದಾದ್ದರಿಂದ ಅತ್ತಿಗೆಯಂಥವರಿಗೆ ಡಿವಿಡೆಂಡೇ ವಾಸಿ. ಮಾರುವ ಮುನ್ನ ಒಮ್ಮೆ ಕೇಳಿದ್ದರೆ ಚೆನ್ನಾಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮಗಾಗಿಯೇ ಹುಟ್ಟಿರಬೇಕು. ತೆರಿಗೆ ಉಳಿಸಲು ಕಳ್ಳದಾರಿ ಬೇಕಿರಲಿಲ್ಲ, ಕ್ಯಾಲೆಂಡರು ನೋಡಿದ್ದರೆ ಸಾಕಿತ್ತು. ಮುಚ್ಚುವುದೆಂದು 2024ರಲ್ಲೇ ತೀರ್ಮಾನವಾಗಿತ್ತು. ವಸೂಲಾದ ಹಣವೂ ಆ ಚಳಿಗಾಲದಿಂದ ಬ್ಯಾಂಕಿಗೆ ಬರತೊಡಗಿತ್ತು. 2025ರ ಮಾರ್ಚಿಯೊಳಗೆ ತಲಾ 5 ಲಕ್ಷ ಡಿವಿಡೆಂಡ್ ಕೊಟ್ಟು, ಉಳಿದ 5 ಲಕ್ಷವನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದರೆ, ನಮ್ಮ ಮನೆಗೆ ಮೊದಲ ವರ್ಷ ಬೀಳುತ್ತಿದ್ದ ತೆರಿಗೆ 52,000. ಎರಡನೆಯ ವರ್ಷ ಸೊನ್ನೆ. 1,09,200ಕ್ಕೆ ಬದಲು ಅದರ ಅರ್ಧಕ್ಕೂ ಕಡಮೆ. ಹತ್ತು ವರ್ಷ ಮೊದಲಿಂದ ಸ್ವಲ್ಪ ಸ್ವಲ್ಪವೇ ಹಂಚುತ್ತಾ ಬಂದಿದ್ದರೆ ಹೇಗಿರುತ್ತಿತ್ತೆಂದು ಲೆಕ್ಕ ಹಾಕಲು ಈಗ ಧೈರ್ಯವಿಲ್ಲ. ಅಣ್ಣ ಇದ್ದಾಗಲೇ ಅವರ ಕೈಗೂ ಒಂದಿಷ್ಟು ಬರುತ್ತಿತ್ತು ಎಂಬುದು ಮಾತ್ರ ಮನಸ್ಸಿಗೆ ಬಂದು ಹೋಗುತ್ತದೆ.

ಆದ್ದರಿಂದ ಕಂಪನಿ ನಡೆಸುತ್ತಿರುವ ನಮ್ಮ ಬಂಧುಗಳಲ್ಲಿ ಒಂದೇ ವಿನಂತಿ. ಪ್ರತಿ ವರ್ಷ ಅಢಾವೆ ಪತ್ರಿಕೆಗೆ ಸಹಿ ಹಾಕುವಾಗ ಸಂಚಿತ ಲಾಭದ ಆ ಸಾಲಿನ ಮೇಲೆ ಬೆರಳಿಟ್ಟು ಆಡಿಟರನ್ನು ಕೇಳಿ: ಇಂದೇ ಮುಚ್ಚಿದರೆ ಇದರಲ್ಲಿ ಯಾರಿಗೆಷ್ಟು? ವ್ಯಾಪಾರಕ್ಕೆ ಬೇಕಾದಷ್ಟು ಇರಲಿ, ಬೇಡವಾದದ್ದನ್ನು ಆಯಾ ವರ್ಷವೇ ಹಂಚಿರಿ. ಇನ್ನೊಬ್ಬರ ಷೇರು ಕೊಳ್ಳುವವರು ಉಡುಪಿಯವರನ್ನು ನೆನೆಯಿರಿ. ದರಗಳು ಪ್ರತಿ ಬಜೆಟ್ಟಿಗೂ ಬದಲಾಗುವುದರಿಂದ ನಮ್ಮ ಅಂಕಿಗಳನ್ನೇ ನಂಬಿ ಕೂರಬೇಡಿ. ಗೆರೆ ಎಲ್ಲಿದೆ ಎಂಬುದನ್ನಷ್ಟೇ ನೆನಪಿಡಿ.

ಷೆಡ್ಡು ಖಾಲಿ ಮಾಡಿದ ದಿನ ಬೋರ್ಡನ್ನು ಇಳಿಸಿದವನು ಆ ಫಿಟ್ಟರೇ. “ಇದನ್ನ ಗುಜರಿಗೆ ಹಾಕ್ಲಾ ಸಾರ್?” ಎಂದ. ಬೇಡವೆಂದು ಅತ್ತಿಗೆ ಆಟೋದಲ್ಲಿ ಹಾಕಿಸಿಕೊಂಡು ಹೋದರು. ಅದರ ಬೆಲೆಯನ್ನೂ ಲಿಕ್ವಿಡೇಟರು ಪಟ್ಟಿಯಲ್ಲಿ ಹಿಡಿದಿದ್ದರು, 150 ರೂಪಾಯಿ. ಅತ್ತಿಗೆ ಅದನ್ನು ಕಂಪನಿಯ ಖಾತೆಗೆ ಕಟ್ಟಿ ರಸೀದಿ ಪಡೆದಿದ್ದಾರೆ.